ಕೂಪರ್ ಬ್ಲ್ಯಾಕ್‌ನಲ್ಲಿ ಅಂಗಡಿ ಬೋರ್ಡ್ ಮಾಡುವುದು ಹೇಗೆ?

ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವರಿಗೆ ಈ ಮಾತು ಚೆನ್ನಾಗಿ ಗೊತ್ತು: "ಇನ್ನೂ ಸ್ವಲ್ಪ ದಪ್ಪ ಮಾಡಿ ಸಾರ್." ಆಗ ಇದ್ದ ಅಕ್ಷರಕ್ಕೇ ಔಟ್‌ಲೈನ್ ಹಾಕಿ ಉಬ್ಬಿಸಬೇಡಿ. ಹುಟ್ಟಿನಿಂದಲೇ ದಪ್ಪಗಿರುವ ಫಾಂಟ್ ತೆಗೆದುಕೊಳ್ಳಿ. ಬೇಕರಿ, ಜ್ಯೂಸ್ ಸೆಂಟರ್, ಮಕ್ಕಳ ಬಟ್ಟೆ ಅಂಗಡಿ ಅಂದರೆ ಇಂಗ್ಲಿಷ್ ಹೆಸರಿಗೆ ನಾನು ಮೊದಲು ಹಾಕಿ ನೋಡುವುದು ಕೂಪರ್ ಬ್ಲ್ಯಾಕ್.

ಚಿಕಾಗೊದ ಓಸ್ವಾಲ್ಡ್ ಕೂಪರ್ ಬರೆದ ಈ ಅಕ್ಷರಗಳನ್ನು ಬಾರ್ನ್‌ಹಾರ್ಟ್ ಬ್ರದರ್ಸ್ ಆಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಂಪನಿ 1922ರಲ್ಲಿ ಮಾರಾಟಕ್ಕೆ ತಂತು. ಕೂಪರ್ ಜಾಹೀರಾತುಗಳಿಗೆ ಅಕ್ಷರ ಬರೆಯುತ್ತಿದ್ದ ಮನುಷ್ಯ. ದೂರದಿಂದಲೇ ಗಿರಾಕಿಯನ್ನು ಕೂಗಿ ಕರೆಯುವುದು ಈ ಅಕ್ಷರದ ಕೆಲಸ. ಈಸಿಜೆಟ್ ವಿಮಾನಗಳ ಮೇಲಿನ ಹೆಸರು ನೋಡಿದ್ದೀರಲ್ವಾ? ಅದೂ ಇದೇ.

ಸಣ್ಣ 'ಎನ್' ಟೈಪ್ ಮಾಡಿ, ಸ್ಕ್ರೀನ್ ತುಂಬುವಷ್ಟು ದೊಡ್ಡದು ಮಾಡಿ ನೋಡಿ. ಕಾಲಿನ ತುದಿಯಲ್ಲಿ ಸೆರಿಫ್ ಇದೆ (ಗೆರೆಯ ತುದಿಯಲ್ಲಿ ಅಡ್ಡಕ್ಕೆ ಚಾಚಿದ ಪುಟ್ಟ ಪಾದ), ಆದರೆ ಚೂಪು ಮೂಲೆ ಎಲ್ಲೂ ಇಲ್ಲ. ತಳ ಕೂಡ ಗೀಟು ಎಳೆದ ಹಾಗಿಲ್ಲ, ಕೆಳಕ್ಕೆ ಉಬ್ಬಿದೆ. ಈಗ 'ಓ' ನೋಡಿ. ಒಳಗಿನ ತೂತು ನೆಟ್ಟಗೆ ನಿಂತಿಲ್ಲ, ಎಡಕ್ಕೆ ವಾಲಿದೆ. ಅಷ್ಟು ದಪ್ಪ ಇದ್ದರೂ ಅಕ್ಷರ ಗದರಿಸುವಂತೆ ಕಾಣದಿರುವುದು ಈ ಮೆತ್ತನೆ ಅಂಚಿನಿಂದ. ಅದಕ್ಕೇ ವಕೀಲರ ಬೋರ್ಡಿಗೂ ಶ್ರದ್ಧಾಂಜಲಿ ಫ್ಲೆಕ್ಸಿಗೂ ಇದು ಬೇಡ. ಗಿರಾಕಿ ಎಷ್ಟೇ ಕೇಳಲಿ, ಬೇಡ.

ಇಂಗ್ಲಿಷಿನ ಸಣ್ಣ 'ಎ' (a), 'ಇ' (e) ಅಕ್ಷರಗಳ ತೂತು ಬಹಳ ಚಿಕ್ಕದು. ಸಣ್ಣ ಸೈಜಿನಲ್ಲಿ ಪ್ರಿಂಟ್ ಆದರೆ ಇಂಕ್ ತುಂಬಿ ಮುಚ್ಚಿಹೋಗುತ್ತದೆ. ಆದ್ದರಿಂದ ಹೆಸರಿಗೆ ಮಾತ್ರ ಕೂಪರ್, ವಿಳಾಸಕ್ಕೆ ಸರಳವಾದ ಬೇರೆ ಫಾಂಟ್. ಎರಡು ಮೂರು ಪದಕ್ಕಿಂತ ಜಾಸ್ತಿ ಹಾಕಬೇಡಿ. ಪೂರ್ತಿ ಕ್ಯಾಪಿಟಲ್ ಕೂಡ ಬೇಡ, ಈ ಫಾಂಟಿನ ಚೆಂದವೆಲ್ಲ ಸಣ್ಣಕ್ಷರಗಳಲ್ಲೇ ಇದೆ.

ಅಕ್ಷರಗಳನ್ನು ಹತ್ತಿರ ಹತ್ತಿರ ಕೂರಿಸಿ. ಡಿಸೈನ್ ಸಾಫ್ಟ್‌ವೇರ್ ಕೋರಲ್‌ಡ್ರಾದಲ್ಲಿ ಹೆಸರನ್ನು ಸೆಲೆಕ್ಟ್ ಮಾಡಿ ಎಫ್10 ಒತ್ತಿದರೆ ಪ್ರತಿ ಅಕ್ಷರಕ್ಕೂ ಒಂದು ಚುಕ್ಕೆ ಬರುತ್ತದೆ. ಅದನ್ನು ಹಿಡಿದು ಎಳೆಯಿರಿ. ಅಕ್ಷರಗಳ ನಡುವಿನ ಜಾಗ ಒಳಗಿನ ತೂತಿಗಿಂತ ಅಗಲ ಕಂಡರೆ ಹೆಸರು ಚದುರಿದಂತೆ ಕಾಣುತ್ತದೆ.

ನಮ್ಮಲ್ಲಿ ಬೋರ್ಡಿನ ಶೇ 60 ಭಾಗ ಕನ್ನಡ ಇರಬೇಕು ಎಂಬ ನಿಯಮವಿದೆ. ಹಾಗಾಗಿ ಮೊದಲು ಕನ್ನಡ ಕೂರಿಸಿ, ಆಮೇಲೆ ಇಂಗ್ಲಿಷ್ ಹೊಂದಿಸಿ. ನಾನು ಬಳಸುವುದು ಬಲೂ ತಮ್ಮ ಎಂಬ ಕನ್ನಡ ಫಾಂಟ್, ಅದರಲ್ಲೂ ಎಲ್ಲಕ್ಕಿಂತ ದಪ್ಪನೆಯದು. ಕನ್ನಡದ ದುಂಡು ಅಕ್ಷರಕ್ಕೂ ಕೂಪರಿನ ದುಂಡು ಅಂಚಿಗೂ ಚೆನ್ನಾಗಿ ಒಗ್ಗುತ್ತದೆ. ಎರಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟು ಸುಮ್ನೆ ಬಿಡಬೇಡಿ, ಕಣ್ಣಳತೆಯಲ್ಲಿ ಹೊಂದಿಸಿ. 'ಲಕ್ಷ್ಮೀ' ಅಂತ ಬರೆದು ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತದೆ ನೋಡಿ, ಇಂಗ್ಲಿಷ್ ಸಾಲು ಅದಕ್ಕೆ ತಾಗದ ಹಾಗಿಡಿ.

ಬಣ್ಣ ಎರಡು ಸಾಕು. ಕೆನೆ ಬಣ್ಣದ ಮೇಲೆ ಕಡು ಕೆಂಪೋ ಕಾಫಿ ಬಣ್ಣವೋ ಆಗಬಹುದು. ಶ್ಯಾಡೋ, ಗ್ರೇಡಿಯಂಟ್ ಹಾಕಿದರೆ ಆ ಮೆತ್ತನೆ ಅಂಚು ಕಾಣುವುದೇ ಇಲ್ಲ.

ಕೂಪರ್ ಬ್ಲ್ಯಾಕ್ ಮೈಕ್ರೋಸಾಫ್ಟ್ ಆಫೀಸ್ ಜೊತೆಗೇ ಬರುತ್ತದೆ. ಇಲ್ಲದಿದ್ದರೆ ಗೂಗಲ್ ಫಾಂಟ್ಸ್‌ನಲ್ಲಿ ಕಪ್ರಾಸಿಮೊ ಉಚಿತವಾಗಿ ಸಿಗುತ್ತದೆ, ಇದೇ ಜಾತಿಯದು. 'ಕೂಪರ್ ಹೆವಿಟ್' ಎಂಬ ಇನ್ನೊಂದಿದೆ, ಹೆಸರು ನೋಡಿ ಇಳಿಸಿಕೊಳ್ಳಬೇಡಿ. ಅದಕ್ಕೆ ಸೆರಿಫೇ ಇಲ್ಲ.

ಪ್ರಿಂಟಿಗೆ ಕಳಿಸುವ ಮುಂಚೆ ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ. ಆಮೇಲೆ ಅದನ್ನು ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ಹಾಗಾಗಿ ಟೈಪ್ ಹಾಗೇ ಇರುವ ಫೈಲ್ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಫೋನ್ ನಂಬರ್ ಬದಲಾಯಿಸಿ ಅಂತ ಗಿರಾಕಿ ರಾತ್ರಿ ಫೋನ್ ಮಾಡೇ ಮಾಡುತ್ತಾರೆ.