ಸರ್ವರ್‌ಗೆ ಸ್ಟೋರೇಜ್ ಕಾರ್ಡ್ ಹಾಕುವ ಮೊದಲು ಸ್ಲಾಟ್ ನೋಡಿ

ಬೋರ್ಡ್‌ನಲ್ಲಿ ಸಾಟಾ ಪೋರ್ಟ್ ಮುಗಿದು, ಇನ್ನೂ ಡಿಸ್ಕ್ ಹಾಕಬೇಕಾದಾಗ ಎಲ್ಲರೂ ಕೇಳುವುದು "ಯಾವ ಕಾರ್ಡ್ ತಗೊಳ್ಳಲಿ?" ಅಂತ. ನಾನು ಮಂಗಳೂರಿನಲ್ಲಿ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವವನು. ನಾನು ಮೊದಲು ಕೇಳುವುದು ಕಾರ್ಡ್ ಕೂರಿಸುವ ಪಿಸಿಐಇ ಸ್ಲಾಟ್ ಯಾವುದು ಅಂತ.

ಸ್ಲಾಟಿನ ಉದ್ದ ನಂಬಬೇಡಿ. ಲೇನ್ ಅಂದರೆ ಡೇಟಾ ಓಡುವ ದಾರಿ. ಎಂಟು ಲೇನಿನಷ್ಟು ಉದ್ದ ಇದ್ದರೂ ಒಳಗೆ ನಾಲ್ಕೇ ಲೇನ್ ಇರುವುದು ಉಂಟು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಟಾರ್ಚ್ ಹಾಕಿ ಓದಿ. ಎರಡು ಸಿಪಿಯು ಬೋರ್ಡ್ ಆದರೆ ಇನ್ನೂ ಜಾಗ್ರತೆ. ಕೆಲವು ಸ್ಲಾಟ್ ಎರಡನೇ ಸಿಪಿಯುಗೆ ಸೇರಿದವು. ಆ ಸಾಕೆಟ್ ಖಾಲಿ ಇದ್ದರೆ ಅಲ್ಲಿ ಹಾಕಿದ ಕಾರ್ಡ್ ಕಾಣಿಸುವುದೇ ಇಲ್ಲ. ಬಂದರಿನ ಒಂದು ಮೀನು ವ್ಯಾಪಾರದ ಆಫೀಸಿನಲ್ಲಿ "ಹೊಸ ಕಾರ್ಡೇ ಹಾಳು ಮಾರಾಯ್ರೇ" ಅಂತ ವಾಪಸ್ ಕಳಿಸಲು ಪ್ಯಾಕ್ ಮಾಡಿ ಇಟ್ಟಿದ್ದರು. ಪಕ್ಕದ ಸ್ಲಾಟ್‌ಗೆ ಹಾಕಿದ ಕೂಡಲೇ ಬಂತು.

ಲೇನ್ ಕಡಿಮೆ ಅಂತ ಹೆದರುವುದೂ ಬೇಡ. ಪಿಸಿಐಇ 2.0ರಲ್ಲಿ ಒಂದು ಲೇನಿಗೆ ಸೆಕೆಂಡಿಗೆ ಸುಮಾರು 500 ಎಂಬಿ. ನಾಲ್ಕಕ್ಕೆ 2,000. ಹಾರ್ಡ್ ಡಿಸ್ಕ್ ಒಂದಕ್ಕೆ 200 ಅಂದುಕೊಂಡರೂ ಎಂಟಕ್ಕೆ 1,600. ಸಾಕಲ್ವಾ? ಎಸ್‌ಎಸ್‌ಡಿ ಆದರೆ ಲೆಕ್ಕ ಬೇರೆ.

ಎಲ್‌ಎಸ್‌ಐ ಕಂಪನಿಯ 9211-8ಐ ಸೆಕೆಂಡ್ ಹ್ಯಾಂಡ್ ಆದರೂ ಒಳ್ಳೆಯ ಕಾರ್ಡ್. ಜೆಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಓಡಿಸುವವರು ಐಟಿ ಫರ್ಮ್‌ವೇರ್ (ಡಿಸ್ಕ್‌ಗಳನ್ನು ಇದ್ದ ಹಾಗೇ ಸಿಸ್ಟಮ್‌ಗೆ ತೋರಿಸುವ, ಕಾರ್ಡಿನೊಳಗಿನ ಸಾಫ್ಟ್‌ವೇರ್) ಇರುವುದನ್ನೇ ಕೇಳಿ. ಡಿಸ್ಕ್‌ಗಳನ್ನು ನೋಡಿಕೊಳ್ಳುವುದು ಜೆಡ್‌ಎಫ್‌ಎಸ್, ನಡುವೆ ಡಿಸ್ಕ್‌ಗಳನ್ನು ಒಟ್ಟು ಸೇರಿಸುವ ಕಾರ್ಡ್‌ನ ರೇಡ್ ಬೇಡ. ರೆಡ್‌ಹ್ಯಾಟ್ ಲಿನಕ್ಸ್ 8ರಿಂದ ಈ ಕಾರ್ಡಿನ ಚಿಪ್‌ಗೆ ಬೆಂಬಲ ತೆಗೆದಿದ್ದಾರೆ. ಅದನ್ನು ಹಾಕುವವರು 9300-8ಐ ನೋಡಿ.

ಕೇಬಲ್ ವಿಷಯಕ್ಕೆ ಜಾಸ್ತಿ ಜನ ಸುಮ್ನೆ ದುಡ್ಡು ಕಳೆಯುತ್ತಾರೆ. ಒಂದು ತುದಿಯಿಂದ ನಾಲ್ಕು ಸಾಟಾ ಆಗಿ ಕವಲೊಡೆಯುವ ಕೇಬಲ್ ಎರಡು ಜಾತಿ: ಫಾರ್ವರ್ಡ್, ರಿವರ್ಸ್. ನೋಡಲು ಒಂದೇ ಥರ. ಕಾರ್ಡ್‌ನಿಂದ ಡಿಸ್ಕ್‌ಗೆ ಹೋಗುವುದು ಫಾರ್ವರ್ಡ್. ರಿವರ್ಸ್ ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಒಂದು ಡಿಸ್ಕ್ ಕೂಡ ಕಾಣುವುದಿಲ್ಲ. 9211ರ ಕನೆಕ್ಟರ್ 8087 ಮಾದರಿ, 9300ರದ್ದು 8643. ಹಳೆಯ ಕೇಬಲ್ ಅದಕ್ಕೆ ಕೂರುವುದಿಲ್ಲ.

ಕೆಲಸ ಶುರು ಮಾಡುವಾಗ ಎರಡೂ ಪವರ್ ಕೇಬಲ್ ಕೀಳಿ. ಎರಡು ಪವರ್ ಸಪ್ಲೈ ಇರುವ ಸರ್ವರ್‌ನಲ್ಲಿ ಒಂದನ್ನು ಕಿತ್ತು ಇನ್ನೊಂದನ್ನು ಮರೆಯುವವರು ಇದ್ದಾರೆ. ಬೋರ್ಡ್ ಮೇಲಿನ ಹಸಿರು ದೀಪ ಆರುವ ತನಕ ಕಾಯಿರಿ. ಹಳೆಯ ಕಾರ್ಡ್ ಆದರೆ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ನಮ್ಮ ಕಡಲ ಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಇದನ್ನು ಬಿಡಬೇಡಿ. ಎರಡೂ ಕಡೆ ಸಮ ಒತ್ತಿ, ಕೊನೆಗೆ ಸ್ಕ್ರೂ ಹಾಕಿ.

ಈ ಕಾರ್ಡ್‌ಗಳು ರ‍್ಯಾಕ್ ಸರ್ವರ್‌ನ ಜೋರು ಗಾಳಿಯನ್ನು ನಂಬಿ ಮಾಡಿದವು. ಟವರ್ ಕ್ಯಾಬಿನೆಟ್‌ನಲ್ಲಿ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ. 40 ಎಂಎಂ ಫ್ಯಾನ್ ಒಂದನ್ನು ಅದರ ಮೇಲೆ ಕಟ್ಟಿ. ಏಪ್ರಿಲ್, ಮೇ ಸೆಖೆಯಲ್ಲಿ ಡಿಸ್ಕ್ ಆಗಾಗ ಮಾಯವಾಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಆ ಡಿಸ್ಕ್‌ಗಳಿಂದ ಬೂಟ್ ಮಾಡುವುದಿಲ್ಲ ಅಂದರೆ ಬಯಾಸ್‌ನಲ್ಲಿ ಆ ಸ್ಲಾಟಿನ ಆಪ್ಶನ್ ರಾಮ್ (ಬೂಟ್ ಆಗುವಾಗ ಓಡುವ ಕಾರ್ಡಿನ ಪ್ರೋಗ್ರಾಂ) ಆಫ್ ಮಾಡಿ, ಬೂಟ್ ಬೇಗ ಆಗುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು (lspci -vv) ರೂಟ್ ಆಗಿ ಓಡಿಸಿ ಲಿಂಕ್ ವಿಡ್ತ್, ಅಂದರೆ ಎಷ್ಟು ಲೇನ್ ಸಿಕ್ಕಿದೆ ಅಂತ ನೋಡಿ. ಎಂಟು ಬರಬೇಕಾದಲ್ಲಿ ಒಂದು ಬಂದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಎಲ್ಲ ಡಿಸ್ಕ್ ಕಂಡ ಮೇಲೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು ಟ್ರೇಗೆ ಅಂಟಿಸಿ. ಮುಂದೆ ಒಂದು ಡಿಸ್ಕ್ ಕೆಟ್ಟರೆ ಯಾವುದನ್ನು ಎಳೆಯಬೇಕು ಅಂತ ಫೋನಿನಲ್ಲೇ ಹೇಳಬಹುದು.