ಡಬ್ಬದಲ್ಲಿ ಬೇಳೆ, ಚೀಟಿಯಲ್ಲಿ ಇಲಿ: ಅಡುಗೆಮನೆಗೆ ಬ್ರೈಲ್ ಚೀಟಿ ಮಾಡುವುದು ಹೇಗೆ?

ವಿಜಯನಗರದಲ್ಲಿ ನನಗೆ ಗೊತ್ತಿರುವ ಒಬ್ಬ ಮೇಷ್ಟ್ರಿದ್ದಾರೆ. ರಿಟೈರ್ ಆದಮೇಲೆ ಗ್ಲಾಕೋಮಾದಿಂದ ಕಣ್ಣು ಹೋಯಿತು. ಹಟ ಹಿಡಿದು ಬ್ರೈಲ್ ಕಲಿತರು. ಮಗ ಸಾಫ್ಟ್‌ವೇರಿನವನು. ಒಂದು ಭಾನುವಾರ ಯಾವುದೋ ವಿಡಿಯೊ ನೋಡಿಕೊಂಡು ಅಡುಗೆಮನೆಯ ಡಬ್ಬಗಳಿಗೆಲ್ಲ ಬ್ರೈಲ್ ಚೀಟಿ ಚುಚ್ಚಿ ಅಂಟಿಸಿದ. ಮೇಷ್ಟ್ರು ಬೇಳೆ ಡಬ್ಬದ ಮೇಲೆ ಬೆರಳಾಡಿಸಿದರು. "ಮೊದಲನೇ ಅಕ್ಷರ ಭ ಅಂತಿದೆ ಕಣೋ. ಆಮೇಲೆ ಇಲೀ ಅಂತಿದೆ!"

ಚಿಕ್ಕಂದಿನಿಂದ ಬ್ರೈಲ್ ಓದುವವಳು ನಾನು. ಇಂಥ ಇಲಿಗಳು ಎಷ್ಟೋ ಮನೆಗಳಲ್ಲಿ ನನ್ನ ಬೆರಳಿಗೆ ಸಿಕ್ಕಿವೆ. ಅದಕ್ಕೇ ಈ ಲೇಖನ.

"ಈಗ ಫೋನೇ ಎಲ್ಲ ಓದುತ್ತೆ, ಬ್ರೈಲ್ ಯಾಕೆ?" ಅಂತ ಕೇಳುವವರು ಜಾಸ್ತಿ. ನಾನೂ ಬೆಳಗಿಂದ ರಾತ್ರಿವರೆಗೆ ಫೋನ್ ಬಿಟ್ಟಿರುವುದಿಲ್ಲ. ಆದರೆ ಒಗ್ಗರಣೆ ಸಿಡಿಯುತ್ತಿದೆ, ಮಿಕ್ಸಿ ತಿರುಗುತ್ತಿದೆ, ಕೈತುಂಬ ಕಡಲೆಹಿಟ್ಟು. ಆಗ ಫೋನ್ ತೆಗೆದು, ಕ್ಯಾಮೆರಾ ಹಿಡಿದು, ಅದು ಹೇಳುವುದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಸಾಸಿವೆ ಸೀದು ಕರಕಲಾಗಿರುತ್ತದೆ. ನನ್ನ ಲೆಕ್ಕ ಇಷ್ಟೇ: ಬದಲಾಗದೆ ಇರುವುದಕ್ಕೆ ಬ್ರೈಲ್, ದಿನಾ ಬದಲಾಗುವುದಕ್ಕೆ ಫೋನ್.

ಹಂತ 1: ಯಾವುದಕ್ಕೆ ಚೀಟಿ ಬೇಡ?

ಎಲ್ಲದಕ್ಕೂ ಅಂಟಿಸಲು ಹೋಗಬೇಡಿ. ಮೆಂತ್ಯ, ಕಡಲೆಬೇಳೆ, ರವೆ ಬೆರಳಿಗೆ ಗೊತ್ತಾಗುತ್ತವೆ. ಇಂಗು ಮೂಗಿಗೆ ಗೊತ್ತಾಗುತ್ತದೆ. ಮೈದಾ, ಅಕ್ಕಿಹಿಟ್ಟು, ಜೀರಿಗೆ, ಸೋಂಪು, ಸಾರಿನಪುಡಿ, ಹುಳಿಪುಡಿ, ಇಂಥವು ಕೈ ಕೊಡುತ್ತವೆ. ಚೀಟಿ ಇವಕ್ಕೆ ಬೇಕು. ಮೇಷ್ಟ್ರ ಬೇಳೆಯ ತೊಂದರೆಯೂ ಅದೇ. ತೊಗರಿಬೇಳೆ ಮತ್ತು ಹೆಸರುಬೇಳೆ ಒಂದೇ ಥರದ ಡಬ್ಬದಲ್ಲಿದ್ದವು.

ಹಂತ 2: ಸಾಮಾನು

ಒಂದು ಬ್ರೈಲ್ ಸ್ಲೇಟು, ಅಂದರೆ ಮೇಲೆ ಕಿಟಕಿ, ಕೆಳಗೆ ಗುಳಿ ಇರುವ ಜೋಡಿ ಪಟ್ಟಿ, ಹಾಳೆ ನಡುವೆ ಸಿಕ್ಕಿಸುವುದು. ಒಂದು ಸ್ಟೈಲಸ್, ಅಂದರೆ ಚುಚ್ಚುವ ಮೊಳೆ. ಬೆಂಗಳೂರು ಎಚ್‌ಎಸ್‌ಆರ್ ಲೇಔಟಿನ ಮಿತ್ರ ಜ್ಯೋತಿಯಂಥ ಅಂಧರ ಸಂಸ್ಥೆಗಳಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ತೀರಾ ಅಗ್ಗದ ಪ್ಲಾಸ್ಟಿಕ್ ಸ್ಲೇಟು ತರಬೇಡಿ. ಮೇಲಿನ ಕಿಟಕಿಗೂ ಕೆಳಗಿನ ಗುಳಿಗೂ ತಾಳೆಯಾಗದೆ ಚುಕ್ಕಿ ಹರಿದುಹೋಗುತ್ತದೆ.

ಚೀಟಿಗೆ ಕಾಗದ ಬೇಡವೇ ಬೇಡ. ಎರಡು ಸಲ ಒದ್ದೆ ಕೈ ತಗುಲಿದರೆ ಚುಕ್ಕಿ ಕೂತುಬಿಡುತ್ತದೆ. ಮನೆಯಲ್ಲಿ ಹಳೇ ಎಕ್ಸ್-ರೇ ಇರುತ್ತದಲ್ಲ, ಅದನ್ನು ಕತ್ತರಿಸಿ. ಅದರಷ್ಟು ಗಟ್ಟಿ ಇನ್ನೊಂದಿಲ್ಲ. ನೀರಿಗೂ ಎಣ್ಣೆಗೂ ಜಗ್ಗುವುದಿಲ್ಲ. ನಮ್ಮಮ್ಮನ ಮೊಣಕಾಲಿನ ಎಕ್ಸ್-ರೇ ಈಗ ನಮ್ಮ ಮನೆಯ ಮಸಾಲೆ ಡಬ್ಬಗಳ ಮೇಲಿದೆ. ಎಕ್ಸ್-ರೇ ಸಿಗದಿದ್ದರೆ ಲಗ್ನಪತ್ರಿಕೆಯ ದಪ್ಪ ಹಾಳೆ, ಅದೂ ತಾತ್ಕಾಲಿಕಕ್ಕೆ.

ಗಿರಕಿ ತಿರುಗಿಸಿ ಒತ್ತುವ ಲೇಬಲ್ ಗನ್ನೂ ಬರುತ್ತದೆ. ಇಂಗ್ಲಿಷಿಗೆ ಮಾಡಿದ್ದು. 1951ರಲ್ಲಿ ನಮ್ಮ ದೇಶದ ಭಾಷೆಗಳಿಗೆ ಅಂತ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಮೂರಕ್ಕೂ ಚುಕ್ಕಿ ಒಂದೇ. ಹಾಗಾಗಿ ಕೆಲವು ಪದ ಹೇಗೋ ಆಗುತ್ತದೆ. ಳಕಾರಕ್ಕೆ ಬಂದಾಗ ಒದ್ದಾಡುತ್ತೀರಿ. ಬೇಳೆ, ಕಾಳು, ಹುಳಿ ಇಲ್ಲದ ಕನ್ನಡದ ಅಡುಗೆಮನೆ ಉಂಟಾ? ಸ್ಲೇಟೇ ವಾಸಿ.

ಹಂತ 3: ಚುಚ್ಚುವುದು

ಕೆಡುವುದೆಲ್ಲ ಇಲ್ಲೇ. ನಿಧಾನವಾಗಿ ಓದಿ.

ಬ್ರೈಲ್‌ನ ಒಂದು ಮನೆಯಲ್ಲಿ 6 ಚುಕ್ಕಿಗೆ ಜಾಗ. ಓದುವಾಗ ಎಡಗಡೆ ಮೇಲಿಂದ ಕೆಳಕ್ಕೆ 1, 2, 3. ಬಲಗಡೆ ಮೇಲಿಂದ ಕೆಳಕ್ಕೆ 4, 5, 6. ಸ್ಲೇಟಿನಲ್ಲಿ ಹಾಳೆಯನ್ನು ಮೇಲಿಂದ ಚುಚ್ಚುತ್ತೇವೆ, ಉಬ್ಬು ಏಳುವುದು ಹಿಂಬದಿಯಲ್ಲಿ. ಓದಬೇಕಾದರೆ ಹಾಳೆ ಮಗುಚಬೇಕು. ಮಗುಚಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ಬರೆಯುವುದು ಬಲದಿಂದ ಎಡಕ್ಕೆ.

ಇಷ್ಟು ಎಲ್ಲ ವಿಡಿಯೊದಲ್ಲೂ ಹೇಳುತ್ತಾರೆ. ಮೇಷ್ಟ್ರ ಮಗನೂ ಬಲದಿಂದಲೇ ಶುರು ಮಾಡಿದ್ದ. ಆದರೆ ಒಂದೊಂದು ಮನೆಯೊಳಗೆ ಚುಕ್ಕಿಗಳನ್ನು ಪಟದಲ್ಲಿ ಕಂಡ ಹಾಗೇ ಇಟ್ಟಿದ್ದ. ಸಾಲು ತಿರುಗಿತ್ತು, ಅಕ್ಷರ ತಿರುಗಿರಲಿಲ್ಲ. ಬ್ರೈಲ್‌ನಲ್ಲಿ ಏ ತಿರುಗಿದರೆ ಇ. ಳ ತಿರುಗಿದರೆ ಲ. ಎ ತಿರುಗಿದರೆ ಈ. ಬ ತಿರುಗಿದರೆ ಭ. ಇಲಿ ಬಂದದ್ದು ಹೀಗೆ. ಹ ತಿರುಗಿದರೆ ಜ ಆಗುತ್ತದೆ, ಅದನ್ನೂ ನೆನಪಿಟ್ಟುಕೊಳ್ಳಿ. ಹುಳಿಪುಡಿಗೆ ಬೇಕಾಗುತ್ತದೆ.

"ಕನ್ನಡಿಯಲ್ಲಿ ಕಂಡ ಹಾಗೆ ಯೋಚನೆ ಮಾಡಿ" ಅಂತ ಕಲಿಸುವವರಿದ್ದಾರೆ. ನನ್ನ ಕೇಳಿದರೆ ಅದು ತಲೆ ಕೆಡಿಸುವ ದಾರಿ. ಪಟವನ್ನು ಮಡಚಿ ಬದಿಗಿಡಿ. ಅಂಕಿ ಮಾತ್ರ ಬಾಯಿಪಾಠ ಮಾಡಿ. 1-2-3 ಅಂದರೆ ಎಡಗಡೆಯ ಸಾಲು ಅಂತ ಕಲಿಯಬೇಡಿ, "ಮೊದಲು ಸಿಗುವ ಸಾಲು" ಅಂತ ಕಲಿಯಿರಿ. 4-5-6 ಆಮೇಲೆ ಸಿಗುವ ಸಾಲು. ಓದುವಾಗ ಎಡದಿಂದ ಬರುತ್ತೀರಿ, ಮೊದಲು ಸಿಗುವುದು ಎಡಸಾಲು. ಚುಚ್ಚುವಾಗ ಬಲದಿಂದ ಬರುತ್ತೀರಿ, ಮೊದಲು ಸಿಗುವುದು ಬಲಸಾಲು. ಎರಡಕ್ಕೂ ಒಂದೇ ಪಾಠ. ಕನ್ನಡಿಯ ಗೊಡವೆ ಬೇಡ.

ಈಗ ಬೇಳೆ ಬರೆಯೋಣ. ಕನ್ನಡ ಬ್ರೈಲ್‌ನಲ್ಲಿ ಕೊಂಬು, ಏತ್ವ ಅಂತ ಬೇರೆ ಗುರುತಿಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಬರೆಯುತ್ತೇವೆ. ಬೇಳೆ ಅಂದರೆ ಬ, ಏ, ಳ, ಎ. ನಾಲ್ಕು ಮನೆ.

ಸ್ಲೇಟಿನ ತೀರಾ ಬಲಗಡೆಯ ಕಿಟಕಿಗೆ ಸ್ಟೈಲಸ್ ಇಳಿಸಿ. ಬ ಅಂದರೆ 1-2. ಬಲಸಾಲಿನ ಮೇಲಿನದು, ಅದರ ಕೆಳಗಿನದು. ಎಡಕ್ಕೆ ಒಂದು ಕಿಟಕಿ ಸರಿಯಿರಿ. ಏ ಅಂದರೆ 1-5. ಬಲಸಾಲಿನ ಮೇಲಿನದು, ಎಡಸಾಲಿನ ನಡುವಿನದು. ಮುಂದಿನ ಕಿಟಕಿ. ಳ ಅಂದರೆ 4-5-6. ಎಡಸಾಲು ಪೂರ್ತಿ. ಕೊನೆಗೆ ಎ, 2-6. ಬಲಸಾಲಿನ ನಡುವಿನದು, ಎಡಸಾಲಿನ ಕೆಳಗಿನದು. ಸ್ಲೇಟು ತೆಗೆದು ಹಾಳೆ ಮಗುಚಿ, ಎಡದಿಂದ ಬೆರಳಾಡಿಸಿ.

ಸ್ಟೈಲಸ್ ನೆಟ್ಟಗೆ ಹಿಡಿಯಿರಿ. ಓರೆ ಹಿಡಿದರೆ ಚುಕ್ಕಿ ಪಕ್ಕಕ್ಕೆ ಜಾರುತ್ತದೆ. ಎಕ್ಸ್-ರೇ ಹಾಳೆಗೆ ಸ್ವಲ್ಪ ಜೋರು ಬೇಕು. ಟಕ್ ಅಂತ ಸದ್ದು ಬಂದರೆ ಸಾಕು, ತೂತಾಗುವ ತನಕ ಒತ್ತಬೇಡಿ. ತೂತಾದ ಚುಕ್ಕಿಯ ಅಂಚು ಬೆರಳು ಗೀರುತ್ತದೆ.

ಒತ್ತಕ್ಷರ ಬಂದರೆ ಮೊದಲು 4ನೇ ಚುಕ್ಕಿಯ ಒಂದು ಮನೆ, ಆಮೇಲೆ ಎರಡು ವ್ಯಂಜನ. ಅಕ್ಕಿ ಅನ್ನುವುದಕ್ಕೇ ಐದು ಮನೆ ಬೇಕು. ಅಕ್ಕಿಹಿಟ್ಟು ಅಂತ ಪೂರ್ತಿ ಬರೆಯಲು ಹೋದರೆ ಡಬ್ಬ ಸಾಲದು. ಎರಡು ಮೂರು ಅಕ್ಷರದಲ್ಲಿ ಮುಗಿಸಿ. ಆದರೆ ಹೆಸರು ಮೊಟಕು ಮಾಡುವವರು ನೀವಲ್ಲ, ಓದುವವರು. ಮೇಷ್ಟ್ರು ಸಾರಿನಪುಡಿಗೆ ಬರೀ "ಸಾ" ಸಾಕು ಅಂದರು, ಸಾಸಿವೆಗೆ ಚೀಟಿಯೇ ಬೇಡ ಅಂದರು. ಅವರ ಅಡುಗೆಮನೆ, ಅವರ ಕಾನೂನು.

ಹಂತ 4: ಕಟ್ಟುವುದು

ಮುಚ್ಚಳದ ಮೇಲೆ ಖಂಡಿತ ಅಂಟಿಸಬೇಡಿ. ಪಾತ್ರೆ ತೊಳೆದಮೇಲೆ ಮುಚ್ಚಳ ಅದಲುಬದಲಾಗುತ್ತವೆ. ಮೈಮೇಲೆ ಅಂಟಿಸಿದರೂ ಎಣ್ಣೆ ಜಿಡ್ಡಿಗೆ ಗೋಂದು ಬಿಡುತ್ತದೆ. ಚೀಟಿಗೆ ಎರಡು ತೂತು ಮಾಡಿ, ಅಗಲದ ರಬ್ಬರ್ ಬ್ಯಾಂಡಿಗೆ ಪೋಣಿಸಿ ಡಬ್ಬಕ್ಕೆ ಹಾಕಿ. ಮೇಲಿನ ಬಲಮೂಲೆ ಕತ್ತರಿಸಿ. ಬೆರಳಿಗೆ ಆ ಮೂಲೆ ಸಿಕ್ಕರೆ ಚೀಟಿ ತಲೆಕೆಳಗಾಗಿಲ್ಲ ಅಂತ ಗೊತ್ತಾಗುತ್ತದೆ.

ಎಸ್‌ಪಿ ರಸ್ತೆಯಲ್ಲಿ ಎನ್‌ಎಫ್‌ಸಿ ಸ್ಟಿಕ್ಕರ್ ಸಿಗುತ್ತದೆ, ಫೋನ್ ತಾಗಿಸಿದರೆ ಹೆಸರು ಹೇಳುತ್ತದೆ. ನಾನೂ ಆಸೆಯಿಂದ ತಂದೆ. ಸ್ಟೀಲ್ ಡಬ್ಬಕ್ಕೆ ಅಂಟಿಸಿದರೆ ಮೌನ! ಲೋಹದ ಮೇಲೆ ಮಾಮೂಲಿ ಎನ್‌ಎಫ್‌ಸಿ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇರೆ ಥರದ್ದೇ ಬೇಕು. ಪ್ಲಾಸ್ಟಿಕ್, ಗಾಜಿನ ಡಬ್ಬವಾದರೆ ಅಡ್ಡಿಯಿಲ್ಲ. ತುಂಬಾ ವರ್ಷ ಸಕ್ಕರೆ ಕಾಯಿಲೆ ಇದ್ದು ಬೆರಳ ತುದಿ ಮರಗಟ್ಟಿದವರಿಗೆ ಬ್ರೈಲ್ ಓದುವುದು ಕಷ್ಟ. ಅಂಥವರಿಗೆ ಇದೇ ಒಳ್ಳೆಯದು. ಅವರ ಮೇಲೆ ಬ್ರೈಲ್ ಹೇರಬೇಡಿ.

ಇಂಡಕ್ಷನ್ ಒಲೆ ಕೊಳ್ಳುವಾಗ ಗುಂಡಿ ಇರುವುದನ್ನೇ ಕೊಳ್ಳಿ. ನುಣ್ಣನೆ ಟಚ್ ಇರುವುದು ನಮಗೆ ಶತ್ರು. ಕೊಂಡಾಗಿದ್ದರೆ ಆನ್ ಜಾಗದ ಪಕ್ಕಕ್ಕೆ ಒಂದು ತೊಟ್ಟು ಎಂ-ಸೀಲ್ ಉಬ್ಬು ಮಾಡಿ. ಮೇಲಲ್ಲ, ಪಕ್ಕಕ್ಕೆ.

ಹಂತ 5: ಇನ್ನು ಫೋನ್

ಪ್ಯಾಕೆಟ್ಟಿನ ಮೇಲಿನ ಬೆಲೆ, ಬೆಸ್ಕಾಂ ಬಿಲ್ಲು, ಮದುವೆ ಕಾಗದ, ಇವೆಲ್ಲ ಫೋನಿಗೆ. ಕ್ಯಾಮೆರಾಗೆ ಕಂಡದ್ದನ್ನು ಓದಿ ಹೇಳುವ ಸೀಯಿಂಗ್ ಎಐ ಥರದ ಆ್ಯಪ್ ಹಾಕಿಕೊಳ್ಳಿ. ನೋಟಿಗೆ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಇದೆ, 2020ರಿಂದ. ನೆಟ್ ಇಲ್ಲದೆಯೂ ನಡೆಯುತ್ತದೆ. ನೂರರ ನೋಟಿನ ಉಬ್ಬು ತ್ರಿಕೋನ, ಐನೂರರ ಉಬ್ಬು ವೃತ್ತ ಹೊಸ ನೋಟಿನಲ್ಲಿ ಚೆನ್ನ. ನಾಲ್ಕು ಕೈ ದಾಟಿದ ನೋಟಿನಲ್ಲಿ ಹುಡುಕಬೇಕು.

ಮತ್ತೆ ಲೈಟ್ ಹಾಕಿ. ನಮಗಲ್ಲ, ಕ್ಯಾಮೆರಾಗೆ. ನನ್ನ ಗೆಳತಿಯೊಬ್ಬಳು ರಾತ್ರಿ ಕತ್ತಲಲ್ಲಿ ಅರ್ಧ ಗಂಟೆ ಆ್ಯಪಿಗೆ ಬೈದಿದ್ದಳು. ಪ್ಯಾಕೆಟ್ ಮೇಜಿನ ಮೇಲೆ ಚಪ್ಪಟೆ ಇಟ್ಟು, ಫೋನನ್ನು ಅದರ ಮೇಲಿಟ್ಟು, ನೇರವಾಗಿ ಒಂದಡಿ ಮೇಲಕ್ಕೆ ಎತ್ತಿ.

ಮಾತ್ರೆಗೆ ಮಾತ್ರ ಎರಡೂ ಬೇಕು. ಹೊಳೆಯುವ ಪಟ್ಟಿಯ ಮೇಲಿನ ತಾರೀಖನ್ನು ಫೋನ್ 3 ಇದ್ದರೆ 8 ಅನ್ನುತ್ತದೆ. ಮೆಡಿಕಲ್ ಶಾಪಿನವರಿಂದಲೇ ಓದಿಸಿಕೊಳ್ಳಿ. ಒಂದೊಂದು ಪಟ್ಟಿಯನ್ನು ಒಂದೊಂದು ಜಿಪ್ ಚೀಲಕ್ಕೆ ಹಾಕಿ, ಎಕ್ಸ್-ರೇ ಚೀಟಿಯಲ್ಲಿ ಹೆಸರಿನ ಎರಡಕ್ಷರ, ಬೆಳಿಗ್ಗೆಗೆ "ಬೆ", ರಾತ್ರಿಗೆ "ರಾ", ಕೊನೆಗೆ ತಿಂಗಳು ವರ್ಷ. ಅಂಕಿ ಬರೆಯುವ ಮುಂಚೆ 3-4-5-6ರ ಗುರುತು ಹಾಕಿ. ಇಲ್ಲದಿದ್ದರೆ 1 ಅನ್ನುವುದು ಅ ಆಗುತ್ತದೆ, 2 ಅನ್ನುವುದು ಬ ಆಗುತ್ತದೆ. ಮಾತ್ರೆ ಖಾಲಿಯಾದ ದಿನವೇ ಚೀಟಿ ತೆಗೆದುಬಿಡಿ. ಹಳೇ ಚೀಟಿಯ ಚೀಲಕ್ಕೆ ಹೊಸ ಪಟ್ಟಿ ಹಾಕುವುದು ಬೇಡ, ನಾಳೆ ಬರೆದರಾಯಿತು ಅಂತಲೂ ಬೇಡ.