ಮುರುಡೇಶ್ವರದಿಂದ ಗೋಕರ್ಣಕ್ಕೆ: ಮನೆಮಂದಿಯೊಡನೆ ಉತ್ತರ ಕರಾವಳಿಯಲ್ಲಿ ಒಂದು ದಿನ

ಹಾಸನ, ಚಿಕ್ಕಮಗಳೂರು ಕಡೆಯಿಂದ ಕಾರಿನಲ್ಲಿ ಕರಾವಳಿಗೆ ಇಳಿಯುವ ಕುಟುಂಬಗಳು ಸಾಮಾನ್ಯವಾಗಿ ಧರ್ಮಸ್ಥಳ, ಉಡುಪಿ ನೋಡಿಕೊಂಡು ಹಿಂದಿರುಗುತ್ತವೆ. ಭಟ್ಕಳದಿಂದಾಚೆಗಿನ ಕರಾವಳಿಯನ್ನು ನೋಡುವ ಮನಸ್ಸಿದ್ದರೆ ಘಟ್ಟ ಇಳಿಯುವ ದಿನವನ್ನು ಕಡಲಿನ ದಿನದಿಂದ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಚಿಕ್ಕಮಗಳೂರಿನವರು ಕೊಪ್ಪ, ಆಗುಂಬೆ, ಹೆಬ್ರಿಯ ಮೂಲಕವೂ, ಹಾಸನದವರು ಶಿರಾಡಿ ಅಥವಾ ಚಾರ್ಮಾಡಿಯ ಮೂಲಕವೂ ಇಳಿದು, ಕತ್ತಲಾಗುವ ಮೊದಲೇ ಮುರುಡೇಶ್ವರ ಸೇರಿ ಅಲ್ಲಿ ತಂಗುವುದು ಒಳ್ಳೆಯದು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ವಾಂತಿ ಬರುವ ಮಕ್ಕಳಿಗೆ ಹೊರಡುವ ಮುನ್ನ ಎಣ್ಣೆ ತಿಂಡಿ ಕೊಡಬೇಡಿ. ಕೈಯಲ್ಲಿ ಮೊಬೈಲನ್ನಂತೂ ಕೊಡಲೇಬೇಡಿ.

ಮರುದಿನದ ಪ್ರಯಾಣ ದಕ್ಷಿಣದಿಂದ ಉತ್ತರಕ್ಕೇ ಇರಲಿ ಎನ್ನುವುದಕ್ಕೆ ಕಾರಣವಿದೆ. ನಮ್ಮಲ್ಲಿ ವಾಹನಗಳು ರಸ್ತೆಯ ಎಡಭಾಗದಲ್ಲಿ ಚಲಿಸುವುದರಿಂದ, ಉತ್ತರಕ್ಕೆ ಹೋಗುವಾಗ ಕಡಲು ನಿಮ್ಮದೇ ಬದಿಗೆ ಇರುತ್ತದೆ; ಸಮುದ್ರತೀರಕ್ಕೆ ತಿರುಗಬೇಕಾದಾಗ ನಾಲ್ಕು ಪಥದ ಹೆದ್ದಾರಿಯ ವಿಭಜಕವನ್ನು ದಾಟಿ ಎದುರಿನ ಲಾರಿಗಳ ನಡುವೆ ನುಸುಳಬೇಕಾಗಿಲ್ಲ. ಮಧ್ಯಾಹ್ನದ ನಂತರ ಬಿಸಿಲು ಕೂಡ ಎಡಗಡೆಯ ಕಿಟಕಿಯಿಂದಲೇ ಹೊಡೆಯುತ್ತದೆ. ಆದ್ದರಿಂದ ಊಟವಾದ ಮೇಲೆ ಹಿರಿಯರನ್ನು ಹಿಂದಿನ ಸೀಟಿನ ಬಲಬದಿಗೆ ಕೂರಿಸಿ.

ಮುರುಡೇಶ್ವರದಲ್ಲಿ ಬೆಳಗಿನ ಹೊತ್ತು ಜನ ಸೇರುವ ಮೊದಲೇ ದರ್ಶನ ಮುಗಿಸಿ, ಸುಮಾರು 237 ಅಡಿ ಎತ್ತರದ ರಾಜಗೋಪುರವನ್ನು ಲಿಫ್ಟಿನಲ್ಲಿ ಏರಬಹುದು. ದೇವಾಲಯವಿರುವ ಗುಡ್ಡವಾದ ಕಂದುಕಗಿರಿಯ ಮೂರು ಕಡೆಯೂ ನೀರು ಹೇಗೆ ಸುತ್ತುವರಿದಿದೆ ಎಂಬುದು ಅಲ್ಲಿಂದ ಮಾತ್ರ ಸರಿಯಾಗಿ ಕಾಣುತ್ತದೆ. ಆದರೆ ಮಕ್ಕಳು ಎಷ್ಟೇ ಹಟ ಮಾಡಿದರೂ ಇಲ್ಲಿ ನೀರಿಗಿಳಿಸದೆ, ಹೊನ್ನಾವರಕ್ಕೆ ಸ್ವಲ್ಪ ಮುಂಚೆ ಸಿಗುವ ಕಾಸರಕೋಡಿನವರೆಗೆ ಕಾಯಿಸುವುದು ಲೇಸು. ಅಲ್ಲಿಯ ತೀರಕ್ಕೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿದ್ದು, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ ಇವೆಲ್ಲ ಆ ಮಾನ್ಯತೆಯ ಜೊತೆಗೆ ಬರುವ ವ್ಯವಸ್ಥೆಗಳಾಗಿವೆ.

ನೀರಿನ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕು. ಹೇಮಾವತಿ, ಭದ್ರೆಯರಲ್ಲಿ ಈಜು ಕಲಿತ ನಮ್ಮವರಿಗೆ ನದಿಯ ಸೆಳವು ಗೊತ್ತು, ಕಡಲಿನದು ಗೊತ್ತಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳುದಿಬ್ಬಗಳ ನಡುವಿನ ಕಿರಿದಾದ ಓಣಿಯೊಂದನ್ನು ಹಿಡಿದು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಆ ಓಣಿಯಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದು ಕಡಿಮೆ. ಅಕ್ಕಪಕ್ಕದಲ್ಲೆಲ್ಲ ನೊರೆಯಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕದಡಿದಂತೆ ಕಂಡರೆ, ಮಕ್ಕಳಿಗೆ ಹಿತವಾಗಿ ತೋರುವ ಆ ಜಾಗವೇ ಅಪಾಯದ್ದು. ಮೊಣಕಾಲಿಗಿಂತ ಮೇಲಿನ ನೀರಿಗೆ ಯಾರೂ ಹೋಗಬಾರದು, ಚಿಕ್ಕ ಮಕ್ಕಳ ಕೈಯನ್ನು ದೊಡ್ಡವರೊಬ್ಬರು ಹಿಡಿದೇ ಇರಬೇಕು. ಒಂದು ವೇಳೆ ಸೆಳವಿಗೆ ಸಿಕ್ಕಿದವರು ನೇರವಾಗಿ ದಡದ ಕಡೆಗೆ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದು, ನಂತರ ಅಲೆಗಳೊಡನೆ ದಡ ಸೇರಬೇಕು. ಕೆಂಪು ಬಾವುಟವಿದ್ದ ದಿನ ಮರಳಿನಲ್ಲಿ ಆಡಿದರೆ ಸಾಕು.

ಕಾಲಿಗಂಟಿದ ಮರಳನ್ನು ಒದ್ದೆ ಬಟ್ಟೆಯಿಂದ ಒರೆಸುವುದಕ್ಕಿಂತ, ಸ್ವಲ್ಪ ಪೌಡರು ಉದುರಿಸಿ ಒಣಬಟ್ಟೆಯಿಂದ ತಿಕ್ಕಿದರೆ ಬೇಗ ಉದುರುತ್ತದೆ, ಸೀಟೂ ಹಾಳಾಗುವುದಿಲ್ಲ. ಬೆಟ್ಟದ ಚಳಿಗೆಂದು ತುಂಬಿಕೊಂಡು ಬಂದ ಸ್ವೆಟರುಗಳ ಜಾಗದಲ್ಲಿ ಎರಡು ಕ್ಯಾನ್ ನೀರಿದ್ದರೆ ಇಲ್ಲಿ ಹೆಚ್ಚು ಉಪಯೋಗ.

ಶರಾವತಿಯ ಸೇತುವೆ ದಾಟಿದರೆ ಹೊನ್ನಾವರ. ಹೊನ್ನಾವರದ ಬಳಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಮರದ ಕಾಲುದಾರಿಯಲ್ಲಿ ನಡೆಯುವ ಆಸೆಯಿದ್ದವರು ಅದನ್ನು ಮಧ್ಯಾಹ್ನದ ಸೆಕೆಗೆ ಮೊದಲೇ ಮುಗಿಸಬೇಕು. ಊಟಕ್ಕೆ ಕುಮಟಾ ಅನುಕೂಲ. ಮೀನು ತಿನ್ನುವವರು, ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಲಿ. ತಿನ್ನದವರು ಅಪ್ಪೆಹುಳಿ, ತಂಬುಳಿ ಸಿಗುವ ಊಟದ ಮನೆಯನ್ನು ವಿಚಾರಿಸಲಿ.

ಕುಮಟಾ ಬಿಟ್ಟು ಅಘನಾಶಿನಿ ನದಿ ದಾಟಿದ ಮೇಲೆ ಹೆದ್ದಾರಿಯ ಹತ್ತಿರವೇ ಇರುವ ಮಿರ್ಜಾನ್ ಕೋಟೆಗೆ ಒಂದು ಗಂಟೆಯಾದರೂ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಈ ಕೋಟೆಯೊಂದಿಗೆ ಹೆಸರು ಬೆಸೆದುಕೊಂಡಿರುವ, ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಮೆಣಸು ಈ ನದಿಯ ಮೂಲಕವೇ ಹಡಗೇರುತ್ತಿತ್ತು. ಕಾಫಿ ತೋಟದ ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿರುವ ನಮ್ಮವರು ಇದನ್ನು ನೋಡದೆ ಹೋಗುವುದು ಸೋಜಿಗವೇ. ಕೆಂಪು ಚಿರೇಕಲ್ಲಿನ ಗೋಡೆಯ ಮೇಲೆ ಹಾವಸೆ ಬೆಳೆಯುವುದರಿಂದ ಮಳೆಗಾಲದಲ್ಲಿ ಮೆಟ್ಟಿಲುಗಳು ಜಾರುತ್ತವೆ, ಒಳಗಿನ ಬಾವಿಗಳ ಹತ್ತಿರ ಮಕ್ಕಳ ಮೇಲೆ ಕಣ್ಣಿರಲಿ.

ಮಾದನಗೇರಿಯಲ್ಲಿ ಎಡಕ್ಕೆ ತಿರುಗಿ ಗೋಕರ್ಣ ಸೇರುವಾಗ ನಾಲ್ಕೂವರೆ, ಐದಾಗಿದ್ದರೆ ಸರಿ, ಏಕೆಂದರೆ ಡಿಸೆಂಬರಿನಲ್ಲಿ ಸೂರ್ಯ ಆರು ದಾಟುತ್ತಿದ್ದಂತೆ ಮುಳುಗುತ್ತಾನೆ. ಓಂ ಬೀಚಿಗೆ ಮೆಟ್ಟಿಲಿಳಿಯಬೇಕಾಗುತ್ತದೆ. ಮೊಣಕಾಲು ನೋವಿರುವ ಅಜ್ಜಿ, ತಾತಂದಿರಿದ್ದರೆ ಊರಿನ ಮುಂದಿರುವ ತೀರದಲ್ಲೇ ಸೂರ್ಯಾಸ್ತ ನೋಡಿ, ಬಳಿಕ ಮಹಾಬಲೇಶ್ವರನ ದರ್ಶನಕ್ಕೆ ಹೋಗಬಹುದು. ಗಂಡಸರಿಗೆ ಪಂಚೆ ಬೇಕಾಗುವುದರಿಂದ ಅದನ್ನು ಡಿಕ್ಕಿಯ ಅಡಿಯಲ್ಲಿ ಹೂತಿಡದೆ ಮೇಲೆಯೇ ಇಟ್ಟುಕೊಳ್ಳಿ.

ರಾತ್ರಿ ಅಲ್ಲಿಯೇ ಉಳಿದು, ಮರುದಿನ ಕಾರವಾರಕ್ಕೆ ಮುಂದುವರಿಯುವವರು ಜೋರು ಮಳೆಯ ದಿನಗಳಲ್ಲಿ ರಸ್ತೆಯ ಸ್ಥಿತಿಯನ್ನು ಕೇಳಿಕೊಂಡೇ ಹೊರಡಬೇಕು. 2024ರ ಜುಲೈನಲ್ಲಿ ಗುಡ್ಡ ಕುಸಿದ ಶಿರೂರು ಇದೇ ಹೆದ್ದಾರಿಯಲ್ಲಿ, ಅಂಕೋಲೆಗೆ ಮುಂಚೆ ಇದೆ. ಊರಿಗೆ ಮರಳುವವರು ಹೊನ್ನಾವರಕ್ಕೆ ಹಿಂದಿರುಗಿ, ಗೇರುಸೊಪ್ಪೆ ಘಟ್ಟ ಹತ್ತಿ, ಜೋಗ, ಸಾಗರ, ಶಿವಮೊಗ್ಗದ ದಾರಿ ಹಿಡಿದರೆ ಬಂದ ರಸ್ತೆಯನ್ನೇ ತುಳಿಯುವುದು ತಪ್ಪುತ್ತದೆ. ಚಿಕ್ಕಮಗಳೂರಿನವರು ತರೀಕೆರೆಯಲ್ಲೂ ಹಾಸನದವರು ಅರಸೀಕೆರೆಯಲ್ಲೂ ತಿರುಗಬಹುದು. ಪೆಟ್ರೋಲನ್ನು ಮಾತ್ರ ಘಟ್ಟ ಹತ್ತುವ ಮೊದಲು ಹೊನ್ನಾವರದಲ್ಲೇ ತುಂಬಿಸಿಕೊಳ್ಳಿ.